ಕೊನೆಯ ಹದಿನಾರು ಪುಟ

ಬೀದಿಯವರೆಲ್ಲ ಅವರನ್ನು ಪಂಡಿತರು ಎಂದು ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ, ಸಂಜೆ ಮನೆಗೆ ಬರುವಾಗ ಕಂಕುಳಲ್ಲಿ ಎರಡು ದಪ್ಪ ಪುಸ್ತಕ, ಮೂಗಿನ ತುದಿಯಲ್ಲಿ ಕನ್ನಡಕ, ಏನು ಕೇಳಿದರೂ ಅರ್ಧ ನಿಮಿಷ ಯೋಚಿಸಿ "ಹೂಂ" ಎನ್ನುವ ಅಭ್ಯಾಸ. ಪಾಂಡಿತ್ಯಕ್ಕೆ ಇನ್ನೇನು ಬೇಕು? ನಿಜ ಹೇಳಬೇಕೆಂದರೆ ಅವರು ಗ್ರಂಥಾಲಯದ ಬೈಂಡರ್. ಹರಿದ ಪುಸ್ತಕವನ್ನು ಬಿಚ್ಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವುದು ಅವರ ಕಸುಬು. ಸಾವಿರಾರು ಪುಸ್ತಕಗಳ ಬೆನ್ನು ನೆಟ್ಟಗೆ ಮಾಡಿದ ಈ ಪುಣ್ಯಾತ್ಮರು ಅವುಗಳಲ್ಲಿ ಒಂದನ್ನಾದರೂ ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ. ಪುಟಸಂಖ್ಯೆ ಸಾಲಾಗಿದೆಯೇ ಎಂದು ನೋಡುತ್ತಿದ್ದರು, ಅಷ್ಟೆ. ಹಾಗೆಂದು ಯಾರ ಮುಂದೆಯೂ ಒಪ್ಪಿಕೊಂಡವರಲ್ಲ. "ಈ ಪುಸ್ತಕ ಓದಿದ್ದೀರಾ?" ಎಂದರೆ "ಒಂದೊಂದು ಹಾಳೆನೂ ಕೈಯಾರೆ ಮುಟ್ಟಿದ್ದೀನಿ" ಎನ್ನುತ್ತಿದ್ದರು. ಕೇಳಿದವರು ತಲೆಬಾಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಹದಿನೈದು ವರ್ಷ. ಮನೆಯಲ್ಲಿ ಅವಳನ್ನು ಮೆಣಸು ಎನ್ನುತ್ತಿದ್ದರು. ಕಾಳು ಚಿಕ್ಕದು, ಖಾರ ಜಾಸ್ತಿ. ಹದಿಮೂರನೆಯ ವಯಸ್ಸಿಗೆ ಅವಳ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನಾಲ್ಕು ಗಂಟೆ ಮಲಗಬೇಕು. ತೋಳಿಗೆ ಎರಡು ಸೂಜಿ ಚುಚ್ಚಿ, ಮೆಷಿನ್ನು ಅವಳ ರಕ್ತವನ್ನು ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಬಿಡುತ್ತಿತ್ತು. ಅಮ್ಮನ ರಕ್ತದ ಗುಂಪು ಹೊಂದಲಿಲ್ಲ. ಪಂಡಿತರದು ಹೊಂದಿತು. ಇನ್ನು ನಾಲ್ಕು ವಾರಕ್ಕೆ ಅಪ್ಪನ ಒಂದು ಕಿಡ್ನಿಯನ್ನು ಮಗಳಿಗೆ ಹಾಕುವುದೆಂದು ದಿನ ಗೊತ್ತಾಗಿತ್ತು.

"ಎರಡು ವಿಷಯ ಸರಿ ಇರ್ಬೇಕು," ಎಂದಿದ್ದರು ಡಾಕ್ಟರು. "ಮಗು ಧೈರ್ಯವಾಗಿರ್ಬೇಕು. ನಿಮ್ಮ ಬಿಪಿ ಸರಿಯಾಗಿರ್ಬೇಕು."

ಪಂಡಿತರು ಮೊದಲನೆಯದನ್ನು ಎದೆಯಲ್ಲಿಟ್ಟುಕೊಂಡರು, ಎರಡನೆಯದನ್ನು ಮರೆತರು.

ಮೆಣಸು ವಾರ್ಡಿನಲ್ಲಿ ಓದುತ್ತಿದ್ದಳು. ಅದೂ ಗಟ್ಟಿಯಾಗಿ, ಯಾಕೆಂದರೆ ಪಕ್ಕದ ಹಾಸಿಗೆಯ ನಿವೃತ್ತ ಹೆಡ್‌ಮಾಸ್ಟರಿಗೆ ಕಣ್ಣು ಮಂಜು, ಅದರಾಚೆಯ ದರ್ಜಿಯಮ್ಮನಿಗೆ ಅಕ್ಷರ ಬಾರದು, ಮಿಕ್ಕ ಮೂವರಿಗೆ ಬೇರೆ ದಾರಿಯಿಲ್ಲ. ಆ ವಾರ ಅವಳ ಕೈಯಲ್ಲಿದ್ದದ್ದು ನೀಲಿ ರಟ್ಟಿನ ಒಂದು ಕಾದಂಬರಿ. ಕಿಡ್ನಿ ಕೆಟ್ಟ ಒಬ್ಬ ಹುಡುಗಿಯ ಕಥೆ.

"ಪಂಡಿತರೇ, ನೀವು ಓದಿರ್ತೀರಲ್ಲ," ಎಂದು ವಾರ್ಡಿನ ದೊಡ್ಡ ಸಿಸ್ಟರ್ ಕೇಳಿದರು. "ಕೊನೆಗೆ ಆ ಹುಡುಗಿ ಏನಾಗ್ತಾಳೆ? ನಂಗೆ ತಡ್ಕೊಳೋಕಾಗ್ತಿಲ್ಲ."

ಆರು ಹಾಸಿಗೆಗಳಿಂದ ಆರು ಮುಖಗಳು ತಿರುಗಿದವು. "ಓದಿಲ್ಲ" ಎಂಬ ಮೂರಕ್ಷರ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಂಡಿತರು ಕನ್ನಡಕ ಸರಿಮಾಡಿಕೊಂಡು, ಅರ್ಧ ನಿಮಿಷ ಯೋಚಿಸಿ, "ಹೂಂ. ಗುಣ ಆಗ್ತಾಳೆ. ಎದ್ದು ಓಡಾಡ್ತಾಳೆ," ಎಂದರು.

ಮಗಳು ಪುಸ್ತಕದ ಮೇಲಿಂದ ಅಪ್ಪನನ್ನು ನೋಡಿದಳು. "ಖಂಡಿತಾನಾ ಅಪ್ಪ?"

"ಖಂಡಿತ. ನಾನೇ ನೋಡಿದ್ದೀನಲ್ಲ."

ಮರುದಿನ ಬೆಳಿಗ್ಗೆ ಗ್ರಂಥಪಾಲಕಿ ಮೇಡಂ ಎದುರು ಸಿಕ್ಕಾಗ ಪಂಡಿತರು ಸುಮ್ಮನೆ ಆ ಪುಸ್ತಕದ ಮಾತು ತೆಗೆದರು. ಮೇಡಂ ಶಿಸ್ತಿನ ಹೆಂಗಸು. ಕಪಾಟಿನಲ್ಲಿ ಒಂದು ಪುಸ್ತಕ ಓರೆಯಾಗಿ ನಿಂತರೂ ಅವರಿಗೆ ಊಟ ಸೇರುತ್ತಿರಲಿಲ್ಲ.

"ಆ ನೀಲಿ ಪುಸ್ತಕಾನಾ?" ಎನ್ನುತ್ತ ಮೇಡಂ ಕರ್ಚೀಫು ತೆಗೆದರು. "ಕೊನೇ ಪುಟದಲ್ಲಿ ಆ ಹುಡುಗಿ ಹೋಗ್ಬಿಡ್ತಾಳೆ. ನಾನು ಒಂದು ವಾರ ಮನುಷ್ಯಳಾಗಿರ್ಲಿಲ್ಲ."

ಮಗಳು ಆಗಲೇ ನೂರೈವತ್ತನೇ ಪುಟ ದಾಟಿದ್ದಳು. ಇನ್ನೆರಡು ಸಲ ಮೆಷಿನ್ನಿಗೆ ಹೋದರೆ ಆ ಪುಟಕ್ಕೆ ಬಂದೇ ಬಿಡುತ್ತಾಳೆ. ಬಂದರೆ ಧೈರ್ಯ ಹೋಯಿತು, ಧೈರ್ಯ ಹೋದರೆ ಆಪರೇಷನ್ ಹೋಯಿತು, ಆಮೇಲೆ ಏನೆಂದು ಯೋಚಿಸಲು ಅವರಿಂದಾಗಲಿಲ್ಲ. ಬೇರೆ ಅಪ್ಪನಾಗಿದ್ದರೆ ಪುಸ್ತಕ ಬಚ್ಚಿಡುತ್ತಿದ್ದ, ಇಲ್ಲವೇ ಮಗಳ ಜೊತೆ ಕೂತು ಮಾತಾಡುತ್ತಿದ್ದ. ಇವರು ಬೈಂಡರ್. ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುವುದೊಂದೇ ಇವರಿಗೆ ಗೊತ್ತಿದ್ದ ದಾರಿ.

"ಬೆನ್ನು ಸಡಿಲ ಆಗಿದೆ, ಒಂದಿನ ಕೊಡು," ಎಂದು ಮಗಳಿಂದ ಪುಸ್ತಕ ಇಸಿದುಕೊಂಡರು.

ಪುಸ್ತಕ ಒಂದೊಂದೇ ಹಾಳೆಯಾಗಿ ಹುಟ್ಟುವುದಿಲ್ಲ. ದೊಡ್ಡ ಕಾಗದದಲ್ಲಿ ಹದಿನಾರು ಪುಟ ಅಚ್ಚಾಗಿ, ಅದನ್ನು ಮಡಚಿದರೆ ಒಂದು ಫಾರಂ. ಫಾರಂಗಳನ್ನು ಸೇರಿಸಿ ಹೊಲಿದರೆ ಪುಸ್ತಕ. ನೀಲಿ ಪುಸ್ತಕದಲ್ಲಿ ಇನ್ನೂರ ಎಂಟು ಪುಟ, ಹದಿಮೂರು ಫಾರಂ. ಕೊನೆಯ ಪುಟವೊಂದನ್ನೇ ಕಿತ್ತರೆ ಹೊಲಿಗೆ ಕೆಡುತ್ತದೆ. ಕಸುಬಿನ ಮರ್ಯಾದೆಯ ಪ್ರಶ್ನೆ. ಆದ್ದರಿಂದ ಪಂಡಿತರು ಹದಿಮೂರನೆಯ ಫಾರಮ್ಮನ್ನೇ ಪೂರ್ತಿ ತೆಗೆದು, ಕಾಗದದಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿಟ್ಟರು. ಅಚ್ಚಾದ ಹಾಳೆ ಎಸೆಯಲು ಅವರಿಗೆ ಕೈ ಬರುತ್ತಿರಲಿಲ್ಲ. ಈಗ ಅವರೇ ಹದಿನಾರು ಪುಟ ಬರೆಯಬೇಕು.

ಜೀವಮಾನದಲ್ಲಿ ಅವರು ಬರೆದ ಅತಿ ಉದ್ದದ ವಾಕ್ಯ "ಈ ಪುಸ್ತಕದ ೪೧ನೇ ಪುಟವನ್ನು ಇಲಿ ತಿಂದಿದೆ" ಎಂಬುದು. ನೂರತೊಂಬತ್ತೆರಡನೆಯ ಪುಟ "ಹುಡುಗಿ ಕಣ್ಣು ಮುಚ್ಚಿ, ನಿಧಾನವಾಗಿ" ಎಂಬಲ್ಲಿ ನಿಂತಿತ್ತು. ಪಂಡಿತರು ಇಡೀ ಮಧ್ಯಾಹ್ನ ಯೋಚಿಸಿ ಮುಂದಿನ ಪುಟಕ್ಕೆ ಮೊದಲ ಪದ ಬರೆದರು: "ತೆರೆದಳು."

ಅಲ್ಲಿಂದ ಹೊಳೆ ಹರಿಯಿತು. ಆದರೆ ಒಂದೂವರೆ ಪುಟಕ್ಕೇ ಹುಡುಗಿ ಪೂರ್ತಿ ಗುಣವಾಗಿಬಿಟ್ಟಳು. ಇನ್ನು ಹದಿನಾಲ್ಕೂವರೆ ಪುಟ ಖಾಲಿ. ಅವಳಿಗೆ ಪರೀಕ್ಷೆ ಪಾಸು ಮಾಡಿಸಿದರು, ಕೆಲಸ ಕೊಡಿಸಿದರು, ಮದುವೆ ಮಾಡಿದರು, ಮದುವೆಗೆ ಬಂದವರ ಪಟ್ಟಿ ಕೊಟ್ಟರು. ಆದರೂ ಆರು ಪುಟ ಉಳಿಯಿತು. ಮಕ್ಕಳು, ಮೊಮ್ಮಕ್ಕಳು, ಒಂದು ಮನೆ, ಆ ಮನೆಗೆ ಸುಣ್ಣ, ಎಲ್ಲ ಆಗಿ ಎಂಬತ್ನಾಲ್ಕನೆಯ ವಯಸ್ಸಿನಲ್ಲಿ ಅವಳು ಆರಾಮಕುರ್ಚಿಯಲ್ಲಿ ಕೂತಿರುವಾಗ ಹದಿನಾರನೆಯ ಪುಟ ಮುಗಿಯಿತು. ಮೂಲೆಯ ಡಿಟಿಪಿ ಅಂಗಡಿಯಾಕೆ ಅದೇ ಅಳತೆಯ ಅಕ್ಷರದಲ್ಲಿ ಜೋಡಿಸಿಕೊಟ್ಟಳು. "ಇದನ್ನ ಬರ್ದೋರು ಯಾರು ಪಂಡಿತರೇ? ಮದುವೆ ಊಟದ ವಿಷಯ ಬಿಟ್ಟುಬಿಟ್ಟಿದ್ದಾರಲ್ಲ," ಎಂದಳು. ಪಂಡಿತರು ಅದನ್ನೂ ಸೇರಿಸಿದರು.

ಹೊಲಿಗೆ ಅದ್ಭುತವಾಗಿ ಬಂತು. ಯಾವ ಕಣ್ಣಿಗೂ ಗೊತ್ತಾಗುವಂತಿರಲಿಲ್ಲ. ಒಂದೇ ಒಂದು ಕೊರತೆಯೆಂದರೆ, ಅವರು ಮೊದಲ ನೂರತೊಂಬತ್ತೆರಡು ಪುಟ ಓದಿರಲಿಲ್ಲ.

ಶುಕ್ರವಾರ ವಾರ್ಡಿನಲ್ಲಿ ಮೆಣಸು ಕೊನೆಯ ಭಾಗ ಓದಿದಳು. ದರ್ಜಿಯಮ್ಮ ಖಾಲಿಯಿದ್ದ ಕೈಯಲ್ಲಿ ಸೆರಗು ಸಿದ್ಧವಾಗಿಟ್ಟುಕೊಂಡಿದ್ದರು.

"'ಹುಡುಗಿ ಕಣ್ಣು ಮುಚ್ಚಿ, ನಿಧಾನವಾಗಿ...'" ಮೆಣಸು ಪುಟ ತಿರುವಿದಳು. ಅಪ್ಪನತ್ತ ಒಮ್ಮೆ ನೋಡಿದಳು. "'...ತೆರೆದಳು. ಅಷ್ಟರಲ್ಲಿ ಡಾಕ್ಟರು ಓಡಿ ಬಂದು, ರಿಪೋರ್ಟು ಅದಲುಬದಲಾಗಿತ್ತು, ನಿನಗೆ ಏನೂ ಆಗಿಲ್ಲ ಎಂದರು. ಹುಡುಗಿ ಎದ್ದು ಕೈಕಾಲು ತೊಳೆದು ಊಟ ಮಾಡಿದಳು. ಪಕ್ಕದಲ್ಲೇ ತಂದೆ ಕೂತಿದ್ದರು. ಅವರಿಗೆ ಬಹಳ ಸಂತೋಷವಾಯಿತು. ಅವರ ಆರೋಗ್ಯವೂ ಚೆನ್ನಾಗಿತ್ತು.'"

"ಒಂದ್ನಿಮಿಷ ಇರಮ್ಮ," ಎಂದರು ಹೆಡ್‌ಮಾಸ್ಟರು. "ಆ ತಂದೆ ಎರಡನೇ ಅಧ್ಯಾಯದಲ್ಲೇ ಲಾರಿ ಗುದ್ದಿ ಸತ್ತೋಗಿದ್ದನಲ್ಲ?"

ವಾರ್ಡಿಗೆ ವಾರ್ಡೇ ಪಂಡಿತರ ಕಡೆ ನೋಡಿತು.

"ಹೂಂ," ಎಂದರು. "ಅದು... ಈಗಿನ ಶೈಲಿ. ದೊಡ್ಡ ಲೇಖಕರು ಸತ್ತೋರನ್ನೂ ಊಟಕ್ಕೆ ಕೂರಿಸ್ತಾರೆ."

"ಹಾಗಾದ್ರೆ ಮದುವೆಗೂ ಬರ್ತಾನೇನೋ," ಎಂದರು ದರ್ಜಿಯಮ್ಮ.

ಬಂದಿದ್ದ. ಅತಿಥಿಗಳ ಪಟ್ಟಿಯಲ್ಲಿ ಅವನದೇ ಮೊದಲ ಹೆಸರು. ಅದನ್ನು ಮೆಣಸು ಸ್ವಲ್ಪವೂ ನಗದೆ ಓದಿದಾಗ ಮೊದಲು ಸಿಸ್ಟರ್ ನಕ್ಕರು, ಆಮೇಲೆ ದರ್ಜಿಯಮ್ಮ, ಆಮೇಲೆ ಎರಡು ವರ್ಷದಿಂದ ಹಲ್ಲು ತೋರಿಸದ ಹೆಡ್‌ಮಾಸ್ಟರು. ಸೂಜಿಯಿದ್ದ ಕೈ ಅಲುಗಬಾರದು. ಆರೂ ಕೈಗಳು ಅಲುಗಿ ಆರೂ ಮೆಷಿನ್ನುಗಳು ಒಟ್ಟಿಗೆ ಕೀ ಕೀ ಎಂದು ಕೂಗಿಕೊಂಡವು. ಡಾಕ್ಟರು ಓಡಿ ಬಂದರೆ ರೋಗಿಗಳೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ಅಪ್ಪ," ಎಂದಳು ಮೆಣಸು ಮನೆಗೆ ಹೋಗುವಾಗ, "ಇಂಥ ಕಾಯಿಲೆ ಹುಡುಗ ಹುಡುಗೀರ ಪುಸ್ತಕ ಲೈಬ್ರರೀಲಿ ಇನ್ನೂ ಎರಡಿವೆ. ತಂದ್ಕೊಡ್ತೀಯಾ? ಅವುಗಳ ಕೊನೇನೂ ಚೆನ್ನಾಗಿದೆ ತಾನೆ?"

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಎನ್ನುತ್ತಾರೆ. ಇಲ್ಲಿ ಹದಿನಾರು ಪುಟದ ಸುಳ್ಳಿಗೆ ಇನ್ನೂ ಮೂವತ್ತೆರಡು ಪುಟ ಬೇಕಾಯಿತು. ಎರಡು ವಾರ ಪಂಡಿತರು ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಬಚ್ಚಲಿನಲ್ಲಿ ಕೂತು ಗುಣಪಡಿಸಿದ್ದೇ ಗುಣಪಡಿಸಿದ್ದು. ಶ್ವಾಸಕೋಶ ಕೆಟ್ಟ ಹುಡುಗನನ್ನು ತೊಂಬತ್ತು ವರ್ಷ ಬದುಕಿಸಿ ಸಿಮೆಂಟ್ ಅಂಗಡಿ ಹಾಕಿಸಿದರು. ಕಥೆಯ ಮಧ್ಯದಲ್ಲಿ ಯಾರು ಸತ್ತಿದ್ದಾರೋ ತಿಳಿಯದ್ದರಿಂದ ಮುನ್ನೆಚ್ಚರಿಕೆಯಾಗಿ ಎಲ್ಲರನ್ನೂ ಬದುಕಿಸಿದರು. ವಾರ್ಡಿನವರಂತೂ ಸೋಮವಾರ ಬರುವುದನ್ನೇ ಕಾಯುವಂತಾದರು. ಹೆಡ್‌ಮಾಸ್ಟರು ತಪ್ಪುಗಳನ್ನು ಎಣಿಸಿ ಅಂಕ ಹಾಕುತ್ತಿದ್ದರು.

ಆದರೆ ಬಿಪಿ ಮಾತ್ರ ಗುಣವಾಗಲಿಲ್ಲ. ಒಂದು ವಾರ ನೂರೈವತ್ತು, ಮುಂದಿನ ವಾರ ನೂರರುವತ್ತು.

"ಏನು ಕೆಲ್ಸ ಮಾಡ್ತೀರಿ?" ಎಂದರು ಡಾಕ್ಟರು.

"ಬೈಂಡಿಂಗು."

"ಅದ್ರಲ್ಲಿ ಏನ್ರೀ ಅಷ್ಟೊಂದು ಟೆನ್ಷನ್ನು?"

ಪಂಡಿತರು "ಹೂಂ" ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು.

ಆಪರೇಷನ್ನಿಗೆ ಇನ್ನೊಂದೇ ವಾರ ಇರುವಾಗ, ಶನಿವಾರ, ಮೇಡಂ ಅವರನ್ನು ಕರೆಸಿದರು. ಮೇಜಿನ ಮೇಲೆ ಮೂರು ಪುಸ್ತಕ ಸಾಲಾಗಿ, ಸ್ವಲ್ಪವೂ ಓರೆಯಿಲ್ಲದೆ ಇದ್ದವು. ಕಾಲೇಜಿನ ಹುಡುಗಿಯೊಬ್ಬಳು ಶ್ವಾಸಕೋಶದ ಕಾದಂಬರಿ ಓದಿ, "ಈ ಸಿಮೆಂಟ್ ಅಂಗಡಿ ಎಲ್ಲಿಂದ ಬಂತು ಮೇಡಂ?" ಎಂದು ಕೇಳಿದ್ದಳಂತೆ. ಗ್ರಂಥಾಲಯಗಳಲ್ಲಿ ಒಂದು ಪದ್ಧತಿಯುಂಟು. ಪ್ರತಿ ಪುಸ್ತಕದ ಒಳಗೆ ಒಂದು ಗುಟ್ಟಿನ ಪುಟದಲ್ಲಿ ಮೊಹರು ಹೊಡೆದಿರುತ್ತಾರೆ. ಇಲ್ಲಿ ಅದು ಕೊನೆಯಿಂದ ಎಂಟನೆಯ ಪುಟ. ಇಪ್ಪತ್ತೆರಡು ವರ್ಷ ಆ ಮೊಹರನ್ನು ನೋಡುತ್ತಲೇ ಬಂದ ಪಂಡಿತರಿಗೆ ಅದು ನೆನಪಾಗಿರಲಿಲ್ಲ.

"ಮೂರರಲ್ಲೂ ಮೊಹರಿಲ್ಲ," ಎಂದರು ಮೇಡಂ. "ಮೂರರಲ್ಲೂ ಎಲ್ಲರೂ ಕೈಕಾಲು ತೊಳೆದು ಊಟ ಮಾಡ್ತಾರೆ. ಯಾರ ಕೆಲ್ಸ ಇದು?"

"ಗೆದ್ದಲು..." ಎಂದು ಪಂಡಿತರು ಶುರುಮಾಡಿದರು.

"ಗೆದ್ದಲು ತಿನ್ನುತ್ತೆ ಪಂಡಿತರೇ, ಬರೆಯಲ್ಲ."

ಪಂಡಿತರು ಎಲ್ಲ ಹೇಳಿದರು. ಮೇಡಂ ಕರ್ಚೀಫು ತೆಗೆದರು. ಆದರೂ ಶಿಸ್ತು ಶಿಸ್ತೇ. "ಇವತ್ತೇ ಹಳೇ ಫಾರಂ ಹಾಕಿ ಹೊಲೀಬೇಕು. ಬರೆದವರು ಬರೆದ ಹಾಗೇ ಇರ್ಬೇಕು. ಮಗಳ ಹತ್ರ ನೀವೇ ಮಾತಾಡಿ," ಎಂದರು.

ಸೋಮವಾರ ಪಂಡಿತರು ನೀಲಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಪರೀಕ್ಷೆಗೆ ಹೊರಟ ಹುಡುಗನ ಮುಖ ಹೊತ್ತು ವಾರ್ಡಿಗೆ ಬಂದರು. ಡಾಕ್ಟರು ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೂರೆಪ್ಪತ್ತೆರಡು. ಇನ್ನೊಮ್ಮೆ ನೋಡಿದರು. ನೂರೆಪ್ಪತ್ನಾಲ್ಕು.

"ಹೀಗಿದ್ರೆ ಆಗಲ್ಲ. ನಾಳಿದ್ದು ಬುಧವಾರ ಇನ್ನೊಂದ್ಸಲ ನೋಡ್ತೀನಿ. ಇಳೀದಿದ್ರೆ ಆಪರೇಷನ್ ಎರಡು ತಿಂಗಳು ಮುಂದಕ್ಕೆ ಹೋಗುತ್ತೆ," ಎಂದು ಹೇಳಿ ಅವರು ಹೋದರು.

ಎರಡು ತಿಂಗಳೆಂದರೆ ಇಪ್ಪತ್ತಾರು ಸಲ ಮೆಷಿನ್ನು, ಐವತ್ತೆರಡು ಸೂಜಿ. ಅಮ್ಮ ಲೆಕ್ಕ ಹಾಕಿ ಗೋಡೆಗೊರಗಿ ನಿಂತರು. "ರೀ, ಏನಾಗಿದೆ ನಿಮಗೆ? ಬಾಯಿ ಬಿಟ್ಟು ಹೇಳಿ," ಎಂದರು.

ಪಂಡಿತರು ಚೀಲದಿಂದ ಪುಸ್ತಕ ತೆಗೆದು ಮಗಳ ಹಾಸಿಗೆಯ ಮೇಲಿಟ್ಟರು. ಹದಿಮೂರನೆಯ ಫಾರಮ್ಮಿನಿಂದ ಹಿಡಿದು ಸಿಮೆಂಟ್ ಅಂಗಡಿಯವರೆಗೆ ಎಲ್ಲವನ್ನೂ, ಇಡೀ ವಾರ್ಡು ಕೇಳುವಂತೆ, ತಡವರಿಸಿ ತಡವರಿಸಿ ಹೇಳಿದರು. "ನಾನು ಯಾವ ಪುಸ್ತಕಾನೂ ಓದಿಲ್ಲ ಕಣಮ್ಮ. ಒಂದೂ ಓದಿಲ್ಲ. ಆ ಹುಡುಗಿ ಗುಣ ಆಗಲ್ಲ. ನೀನದನ್ನ ಓದಿ ಹೆದರಿಬಿಟ್ರೆ ಅಂತ..."

"ಅಲ್ಲ ಮಾರಾಯ್ರೇ," ಎಂದರು ಅಮ್ಮ. "ಅವಳಿಗೆ ಬೇಕಿರೋದು ನಿಮ್ಮ ಕಿಡ್ನಿ. ನಿಮ್ಮ ಸಾಹಿತ್ಯ ಯಾರ್ ಕೇಳಿದ್ರು?"

"ಅಪ್ಪ," ಎಂದಳು ಮೆಣಸು, "ನಾನು ಆ ಪುಸ್ತಕ ಎರಡು ವರ್ಷದ ಹಿಂದೇನೇ ಓದಿದ್ದೆ. ಮೆಷಿನ್ನಿಗೆ ಬಂದ ಮೊದಲನೇ ತಿಂಗಳು. ಇದು ಮೂರನೇ ಸಲ."

ಪಂಡಿತರು ಕನ್ನಡಕ ತೆಗೆದು ಮಗಳನ್ನು ನೋಡಿದರು.

"ಮತ್ತೆ ಖಂಡಿತಾನಾ ಅಂತ ಕೇಳಿದ್ಯಲ್ಲ?"

"ನೀನು ಏನ್ ಹೇಳ್ತೀಯ ನೋಡೋಣ ಅಂತ. ಆಮೇಲೆ ನೀನು ಬರ್ದಿದ್ದು ಓದಿ ಎಲ್ರೂ ನಗ್ತಿದ್ರು, ನಂಗೂ ಖುಷಿಯಾಗ್ತಿತ್ತು, ಇನ್ನೆರಡು ಬರೆಸ್ದೆ. ನಿನ್ನ ಬಿಪಿ ಅದಕ್ಕೇ ಏರ್ತಿದೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು ಅಪ್ಪ."

"ನಮಗೂ ಮೊದಲ ದಿನಾನೇ ಗೊತ್ತಾಗಿತ್ತು," ಎಂದು ಹೆಡ್‌ಮಾಸ್ಟರು ಆ ಹಾಸಿಗೆಯಿಂದ ಸೇರಿಸಿದರು. "ನೂರಕ್ಕೆ ಮೂವತ್ತೈದು ಕೊಟ್ಟಿದ್ದೀನಿ. ಪಾಸು."

ಪಂಡಿತರಿಗೆ ಒಂದು ಮಾತ್ರ ತಿಳಿಯಲಿಲ್ಲ. "ಸಾಯೋ ಹುಡುಗಿ ಕಥೇನ ಮೂರು ಸಲ ಯಾಕಮ್ಮ ಓದ್ತೀಯ?"

ಮೆಣಸು ತನ್ನ ತೋಳಿನ ಕೊಳವೆಗಳನ್ನು ನೋಡಿದಳು. "ಇಲ್ಲಿ ಎಲ್ರೂ ನನ್ನ ಬಗ್ಗೆ ಮಾತಾಡ್ತಾರೆ. ಡಾಕ್ಟ್ರು ಮಾತಾಡ್ತಾರೆ, ಅಮ್ಮ ಮಾತಾಡ್ತಾಳೆ, ಫೋನಲ್ಲಿ ಅತ್ತೆ ಮಾತಾಡ್ತಾರೆ. ಆ ಪುಸ್ತಕದಲ್ಲಿ ಕೊನೇವರೆಗೂ ಆ ಹುಡುಗೀನೇ ಮಾತಾಡ್ತಾಳೆ. ಬೈತಾಳೆ, ಪಕ್ಕದ ಮನೆ ಹುಡುಗನ್ನ ಗೋಳು ಹುಯ್ಕೋತಾಳೆ, ಪರೀಕ್ಷೇಲಿ ಕಾಪಿ ಹೊಡೀತಾಳೆ. ನೀನು ಕೊನೇ ಪುಟ ಮಾತ್ರ ನೋಡಿ ಹೆದರಿದ್ದೀಯ. ಮೊದಲಿಂದ ಓದು. ಇಲ್ಲೇ ಕೂತು ಓದು. ನಂಗೆ ಇನ್ನೂ ಮೂರೂವರೆ ಗಂಟೆ ಇದೆ."

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ಪಂಡಿತರು ತಮ್ಮ ಜೀವನದ ಮೊದಲ ಪುಸ್ತಕವನ್ನು ಶುರುಮಾಡಿದರು. ಎರಡನೆಯ ಅಧ್ಯಾಯದಲ್ಲಿ ಲಾರಿ ಬಂದಾಗ "ಅಯ್ಯೋ ಪಾಪ" ಎಂದರು. ಕಾಪಿ ಹೊಡೆಯುವ ಭಾಗದಲ್ಲಿ ಬಿದ್ದು ಬಿದ್ದು ನಕ್ಕು, ಸಿಸ್ಟರಿಂದ ಬೈಸಿಕೊಂಡರು. ಅರ್ಧಕ್ಕೆ ಬರುವ ಹೊತ್ತಿಗೆ ಆ ಹುಡುಗಿ ಯಾರದೋ ಮಗಳಾಗಿ ಉಳಿದಿರಲಿಲ್ಲ. ನೂರತೊಂಬತ್ತೆರಡನೆಯ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ಮೆಣಸು ಸೂಜಿಯಿಲ್ಲದ ಕೈಯನ್ನು ಚಾಚಿ ಅಪ್ಪನ ಮಣಿಕಟ್ಟು ಹಿಡಿದುಕೊಂಡಳು. ಪುಟವನ್ನು ಅವಳೇ ತಿರುವಿದಳು.

ಪಂಡಿತರು ಅತ್ತರು. ಕದ್ದುಮುಚ್ಚಿ ಅಲ್ಲ, ಮೂಗು ಸುರಿಸಿಕೊಂಡು, ಭುಜ ಕುಣಿಸಿಕೊಂಡು, ಮೂರು ವಾರದ್ದನ್ನೆಲ್ಲ ಸೇರಿಸಿ ಅತ್ತರು. ದರ್ಜಿಯಮ್ಮ ತಮ್ಮ ಟವಲು ಕೊಟ್ಟರು. ಅತ್ತು ಮುಗಿದ ಮೇಲೆ ಅವರಿಗೆ ಒಂದು ಆಶ್ಚರ್ಯ ಕಾದಿತ್ತು. ಪುಸ್ತಕ ಮುಗಿದಿತ್ತು, ಮಗಳು ಪಕ್ಕದಲ್ಲೇ ಇದ್ದಳು, "ಹೇಗಿತ್ತು?" ಎಂದು ಕೇಳುತ್ತಿದ್ದಳು.

"ನಂದಕ್ಕಿಂತ ಚೆನ್ನಾಗಿದೆ," ಎಂದರು ಪಂಡಿತರು.

ಸಿಸ್ಟರ್ ಸುಮ್ಮನೆ ಇರಲಿ ಎಂದು ಪಟ್ಟಿ ಸುತ್ತಿದರು. ನೂರಮೂವತ್ತು. ನಂಬಿಕೆ ಬಾರದೆ ಇನ್ನೊಂದು ಪಟ್ಟಿ ತಂದು ಸುತ್ತಿದರು. ನೂರಿಪ್ಪತ್ತೆಂಟು. ಬುಧವಾರವೂ ಅಷ್ಟೇ ಇತ್ತು. ಡಾಕ್ಟರು ಯಾವ ಮಾತ್ರೆ ತೆಗೆದುಕೊಂಡಿರೆಂದು ಕೇಳಿದಾಗ ಅಮ್ಮ, "ಹದಿಮೂರು ಫಾರಂ, ಒಂದೇ ಸಲಕ್ಕೆ," ಎಂದರು.

ಗೊತ್ತಾದ ದಿನವೇ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಂಡಿತರು ಕಣ್ಣು ಬಿಟ್ಟಾಗ ಪಕ್ಕೆಯಲ್ಲಿ ಉರಿ, ಎದುರಿಗೆ ಹೆಂಡತಿ ಮತ್ತು ದೊಡ್ಡ ಸಿಸ್ಟರ್. ಇಬ್ಬರ ಮುಖವೂ ಹಿಗ್ಗಿತ್ತು.

"ಬಂತು," ಎಂದರು ಸಿಸ್ಟರ್.

"ಯಾರು ಬಂದ್ರು?"

"ಮೂತ್ರ ಪಂಡಿತರೇ. ನಾಲ್ಕು ಲೀಟರ್."

ಎರಡು ವರ್ಷದಿಂದ ಆ ಮಗುವಿಗೆ ಒಂದು ಚಮಚವೂ ಆಗಿರಲಿಲ್ಲ. ಹೊಸ ಕಿಡ್ನಿ ಒಳಗೆ ಕೂತಿದ್ದೇ ತಡ ಕೆಲಸ ಹಿಡಿದಿತ್ತು. ಅಮ್ಮ ಹೊರಗೆ ನಿಂತು ಎಲ್ಲರಿಗೂ ಫೋನು ಮಾಡಿದರು. ನಾದಿನಿಗೆ, ಮೇಡಂಗೆ, ಬೀದಿಯ ಇಪ್ಪತ್ತು ಮನೆಗೆ. "ನಾಲ್ಕು ಲೀಟರ್" ಎಂಬ ಎರಡೇ ಮಾತು. ಕೇಳಿದವರು ಅಭಿನಂದನೆ ಹೇಳಿದರು, ಕೆಲವರು ಅತ್ತರು. ಡಿಟಿಪಿ ಅಂಗಡಿಯಾಕೆ "ಒಂದೇ ದಿನಕ್ಕಾ?" ಎಂದು ಕೇಳಿ ಖಚಿತಪಡಿಸಿಕೊಂಡಳು. ಡಯಾಲಿಸಿಸ್ ವಾರ್ಡಿನಲ್ಲಿ ಸುದ್ದಿ ಮುಟ್ಟಿದಾಗ ಐದು ಮೆಷಿನ್ನುಗಳು ಒಟ್ಟಿಗೆ ಕೂಗಿಕೊಂಡವಂತೆ.

ನಾಲ್ಕನೆಯ ದಿನ ಪಂಡಿತರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗಳ ಕೋಣೆಯ ಗಾಜಿನ ಹೊರಗೆ ತಂದು ನಿಲ್ಲಿಸಿದರು. ಸೋಂಕಿನ ಭಯಕ್ಕೆ ಒಳಗೆ ಬಿಡುತ್ತಿರಲಿಲ್ಲ. ಆಚೆ ಮೆಣಸು ದಿಂಬಿಗೊರಗಿ ಕೂತಿದ್ದಳು. ಎರಡು ವರ್ಷದ ಬೂದುಬಣ್ಣ ಹೋಗಿ ಕೆನ್ನೆಗೆ ಕೆಂಪು ಬಂದಿತ್ತು. ಇಬ್ಬರೂ ಫೋನು ಎತ್ತಿಕೊಂಡರು.

"ಇವತ್ತು ಬೆಳಿಗ್ಗೆಯಿಂದ ಒಂದೂವರೆ ಲೀಟರ್ ಅಪ್ಪ," ಎಂದಳು.

ಪಂಡಿತರಿಗೆ ಎದೆ ತುಂಬಿ ಬಂತು. ತುಂಬಿ ಬಂದಾಗ ಸ್ವಲ್ಪ ಕೊಚ್ಚಿಕೊಳ್ಳುವುದು ಅವರ ಸ್ವಭಾವ. ಗಾಲಿಕುರ್ಚಿ ಹಿಡಿದಿದ್ದ ಸಿಸ್ಟರಿಗೂ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡು, "ನನ್ನ ಕಿಡ್ನಿ ಮೊದಲಿಂದ್ಲೂ ಹಾಗೇನೆ. ಕೆಲ್ಸದಲ್ಲಿ ಮೋಸ ಅನ್ನೋದೇ ಗೊತ್ತಿಲ್ಲ ಅದಕ್ಕೆ," ಎಂದರು.

"ಅಪ್ಪ," ಎಂದಳು ಮೆಣಸು, "ಅದು ನಿಂದಲ್ಲ. ಈಗ ನಂದು."

ಪಂಡಿತರು ಅರ್ಧ ನಿಮಿಷ ಯೋಚಿಸಿದರು. ಆಮೇಲೆ, ಹೌದು ಎಂದರು.